ಕಾಣದೆ ತೆಗೆಯುವ ಚಿತ್ರ: ಆಪ್ತರ ಭಾವಚಿತ್ರಕ್ಕೆ ಫಿಲ್ಮ್ ಏಕೆ

ಫಿಲ್ಮ್ ದೊಡ್ಡದೋ ಡಿಜಿಟಲ್ ದೊಡ್ಡದೋ ಎಂಬ ಜಗಳವನ್ನು ಇಲ್ಲಿ ಮತ್ತೆ ಎಬ್ಬಿಸುವ ಉದ್ದೇಶ ನನಗಿಲ್ಲ. ಕ್ರೀಡೆ, ಸುದ್ದಿ, ವನ್ಯಜೀವಿ, ವಿಜ್ಞಾನ, ಜಾಹೀರಾತು ಮುಂತಾದ ಕ್ಷೇತ್ರಗಳಲ್ಲಿ ಆ ಜಗಳ ಎಂದೋ ತೀರ್ಮಾನವಾಗಿದೆ, ತೀರ್ಮಾನ ಸರಿಯಾಗಿಯೂ ಇದೆ. ನಾನು ಮಾತನಾಡಹೊರಟಿರುವುದು ಅದಕ್ಕಿಂತ ಬಹಳ ಚಿಕ್ಕ ವಲಯದ ಬಗ್ಗೆ: ನಾವು ಬಲ್ಲವರ, ನಮ್ಮೊಡನೆ ಬದುಕುವವರ ಭಾವಚಿತ್ರಗಳು ಮತ್ತು ದಿನನಿತ್ಯ ಕಣ್ಣಿಗೆ ಬೀಳುವ, ಯಾರೂ ವಿಶೇಷವೆಂದು ಎಣಿಸದ ದೃಶ್ಯಗಳು. ಇವೆರಡಕ್ಕೆ ನಾನು ಈಗಲೂ ಫಿಲ್ಮ್ ಕ್ಯಾಮೆರಾವನ್ನೇ ಕೈಗೆತ್ತಿಕೊಳ್ಳುತ್ತೇನೆ. ಏಕೆ ಎಂಬುದನ್ನು ನಿಮ್ಮ ಮುಂದೆ ಆದಷ್ಟು ನಿಷ್ಠುರವಾಗಿ ಪರೀಕ್ಷಿಸಬೇಕೆಂದಿದ್ದೇನೆ.

ಫಿಲ್ಮನ್ನು ಮೆಚ್ಚುವವರು ಮೊದಲು ಹೇಳುವುದು ಅದರ ನೋಟವನ್ನು ಕುರಿತು. ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಣಗಳು) ಚೆನ್ನ, ಬಣ್ಣ ಹಿತವಾಗಿದೆ, ಹಳೆಯ ಕಾಲದ ಸೊಗಸಿದೆ ಎನ್ನುತ್ತಾರೆ. ಈ ವಾದವನ್ನು ಆರಂಭದಲ್ಲೇ ಬದಿಗಿಡೋಣ. ಆ ನೋಟವನ್ನು ಅನುಕರಿಸುವ ತಂತ್ರಾಂಶಗಳು ಈಗ ಎಷ್ಟು ಪಳಗಿವೆಯೆಂದರೆ, ಮುದ್ರಿಸಿದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಯಾವುದು ಯಾವುದರಿಂದ ಬಂದದ್ದೆಂದು ಹೇಳಲು ಅನುಭವಿಗಳೂ ತಡವರಿಸುತ್ತಾರೆ. ನೋಟವೊಂದೇ ಕಾರಣವಾಗಿದ್ದರೆ ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ. ನನ್ನ ಕಾರಣ ಬೇರೆ. ಫಿಲ್ಮಿನಲ್ಲಿ ತೆಗೆದ ಚಿತ್ರ ಆ ಹೊತ್ತಿಗೆ ತೆಗೆದವರಿಗೂ ಕಾಣುವುದಿಲ್ಲ, ತೆಗೆಸಿಕೊಂಡವರಿಗೂ ಕಾಣುವುದಿಲ್ಲ. ಸಾಮಾನ್ಯವಾಗಿ ಇದನ್ನು ಫಿಲ್ಮಿನ ದೊಡ್ಡ ಕೊರತೆ ಎಂದು ಎಣಿಸುತ್ತಾರೆ. ಆಪ್ತರ ಚಿತ್ರಗಳ ಮಟ್ಟಿಗೆ ಅದೇ ಅದರ ಮುಖ್ಯವಾದ ಗುಣ ಎಂಬುದು ನನ್ನ ವಾದ.

ತೆಗೆದ ಚಿತ್ರ ಕೂಡಲೇ ಕಾಣಬೇಕೆಂಬ ಆಸೆ ಡಿಜಿಟಲ್ ಕ್ಯಾಮೆರಾದೊಂದಿಗೆ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ನಿಮಿಷದೊಳಗೆ ಚಿತ್ರ ಕೈಗೆ ಕೊಡುವ ಪೋಲರಾಯ್ಡ್ ಕ್ಯಾಮೆರಾ 1948ರಲ್ಲೇ ಮಾರಾಟಕ್ಕೆ ಬಂದಿತ್ತು. ಸ್ಟುಡಿಯೋ ಛಾಯಾಗ್ರಾಹಕರು ಬೆಳಕು ಸರಿಯಿದೆಯೇ ಎಂದು ನೋಡಲು ಮೊದಲು ಒಂದು ಪೋಲರಾಯ್ಡ್ ತೆಗೆದು, ಆಮೇಲೆ ಫಿಲ್ಮ್ ಹಾಕುತ್ತಿದ್ದರು. ತಮಾಷೆಯೆಂದರೆ ಮೊದಲ ಡಿಜಿಟಲ್ ಕ್ಯಾಮೆರಾ ಈ ವಿಷಯದಲ್ಲಿ ಅಷ್ಟೇನೂ ಚುರುಕಾಗಿರಲಿಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಆ ಯಂತ್ರ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದನ್ನು ನೋಡಲು ಟೇಪನ್ನು ಬೇರೊಂದು ಯಂತ್ರಕ್ಕೆ ಹಾಕಿ ಟಿವಿ ಪರದೆಯ ಮೇಲೆ ಮೂಡಿಸಬೇಕಿತ್ತು. ನನ್ನ ಲೆಕ್ಕದಲ್ಲಿ ನಿಜವಾದ ತಿರುವು 1995ರದು. ಆ ವರ್ಷ ಬಂದ ಕ್ಯಾಸಿಯೋ ಕಂಪನಿಯ ಕ್ಯೂವಿ-10 ಎಂಬ ಪುಟ್ಟ ಕ್ಯಾಮೆರಾದ ಬೆನ್ನ ಮೇಲೆ ಒಂದು ಎಲ್‌ಸಿಡಿ ಪರದೆ ಇತ್ತು. ಅದರ ಚಿತ್ರಗಳ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ, ಆದರೆ ಚಿತ್ರ ತೆಗೆಯುವ ಕೆಲಸದ ಒಳಗೇ ಚಿತ್ರ ನೋಡುವ ಕೆಲಸ ಬಂದು ಕುಳಿತದ್ದು ಅಲ್ಲಿಂದ.

ಆ ಪರದೆ ಭಾವಚಿತ್ರಕ್ಕೆ ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ನೀವು ಒಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ ಮೊದಲ ಚಿತ್ರ ತೆಗೆಯುತ್ತೀರಿ. ತೆಗೆದ ಕೂಡಲೇ ನಿಮ್ಮ ಕಣ್ಣು ಅವರ ಮುಖವನ್ನು ಬಿಟ್ಟು ಪರದೆಗೆ ಇಳಿಯುತ್ತದೆ. ಅವರು ಸುಮ್ಮನೆ ಕಾಯುತ್ತಾರೆ. ನಿಮ್ಮ ಹುಬ್ಬು ಗಂಟಿಕ್ಕಿದರೆ ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾರೆ. "ಎಲ್ಲಿ, ತೋರಿಸಿ" ಎನ್ನುತ್ತಾರೆ. ತೋರಿಸಿದಾಗ ಅವರಿಗೆ ಕಾಣುವುದು ಗಲ್ಲದ ಕೆಳಗಿನ ಮಡಿಕೆ, ಒಂದು ಕಡೆ ಸರಿದ ಕೂದಲು, ಅರ್ಧ ಮುಚ್ಚಿದಂತಿರುವ ಎಡಗಣ್ಣು. ಎರಡನೆಯ ಚಿತ್ರಕ್ಕೆ ಅವರು ಗಲ್ಲ ಎತ್ತುತ್ತಾರೆ, ಮೂರನೆಯದಕ್ಕೆ ಕಣ್ಣನ್ನು ಬೇಕೆಂದೇ ಅಗಲಿಸುತ್ತಾರೆ. ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ನಿಮ್ಮ ಎದುರಿಗಿರುವುದು ಅವರೇ ತಿದ್ದಿ, ಅವರೇ ಒಪ್ಪಿಗೆ ಕೊಟ್ಟ ಮುಖ. ಗುರುತಿನ ಚೀಟಿಗೋ ಉದ್ಯೋಗದ ಅರ್ಜಿಗೋ ಅಂಥ ಮುಖವೇ ಬೇಕಾಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರೊಡನೆ ವರ್ಷಗಟ್ಟಲೆ ಒಡನಾಡಿದ ನಿಮಗೆ ಗೊತ್ತಿರುವ ಮುಖ ಅದಲ್ಲ. ಸ್ವಂತ ಮುಖವನ್ನು ನಾವು ನೋಡಿಕೊಳ್ಳುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ, ಸಿದ್ಧರಾಗಿ ನಿಂತು. ನಮ್ಮವರು ನಮ್ಮನ್ನು ಹಾಗೆ ಎಂದೂ ನೋಡಿರುವುದಿಲ್ಲ. ಹೀಗಿರುವಾಗ ಯಾವ ಮುಖ ಸರಿಯಾದದ್ದು ಎಂಬ ತೀರ್ಪನ್ನು ಕುಳಿತವರೊಬ್ಬರಿಗೇ, ಅದೂ ಆ ಕ್ಷಣದಲ್ಲೇ, ಬಿಟ್ಟುಕೊಡುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

ಫಿಲ್ಮ್ ಕ್ಯಾಮೆರಾದ ಬೆನ್ನ ಮೇಲೆ ನೋಡಲು ಏನೂ ಇರುವುದಿಲ್ಲ. ಶಟರ್ ಬಿದ್ದ ಮೇಲೆ ಮುಂದಿನ ಫ್ರೇಮಿಗೆ ರೀಲನ್ನು ತಿರುಗಿಸಬೇಕು, ಅದಕ್ಕೆ ಒಂದೆರಡು ಸೆಕೆಂಡು ಬೇಕು, ಆ ಹೊತ್ತಿನಲ್ಲಿ ಮಾತು ನಡೆಯುತ್ತಲೇ ಇರುತ್ತದೆ. ಕುಳಿತವರು ಮೊದಲ ಕೆಲವು ಫ್ರೇಮುಗಳವರೆಗೆ ಬಿಗಿಯಾಗಿರುತ್ತಾರೆ, ಆಮೇಲೆ ಏನೂ ಮರಳಿ ಬರುವುದಿಲ್ಲವೆಂದು ತಿಳಿದು ಬಿಗಿ ಬಿಡುತ್ತಾರೆ. ಇಲ್ಲಿ ಕ್ಯಾಮೆರಾದ ಆಕಾರವೂ ಒಂದು ಮಾತಿಗೆ ಅರ್ಹ. 1929ರಲ್ಲಿ ಬಂದ ರೋಲಿಫ್ಲೆಕ್ಸ್ ಮಾದರಿಯ, ಎರಡು ಮಸೂರಗಳ ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಛಾಯಾಗ್ರಾಹಕನ ಮುಖ ಯಂತ್ರದ ಹಿಂದೆ ಮರೆಯಾಗುವುದಿಲ್ಲ. ತಲೆ ಎತ್ತಿದರೆ ಇಬ್ಬರ ಕಣ್ಣುಗಳೂ ಸೇರುತ್ತವೆ. ಮಸೂರದೊಳಗೇ ಇರುವ ಅದರ ಶಟರ್ ಬಹುತೇಕ ಸದ್ದನ್ನೇ ಮಾಡುವುದಿಲ್ಲ. ಗಾಜಿನ ಮೇಲೆ ಕಾಣುವ ಬಿಂಬ ಎಡಬಲ ತಿರುಗಿರುವುದರಿಂದ ಹೊಸಬರು ಕ್ಯಾಮೆರಾವನ್ನು ತಪ್ಪು ದಿಕ್ಕಿಗೆ ಸರಿಸಿ ಒದ್ದಾಡುತ್ತಾರೆ ಎಂಬುದು ನಿಜ. ಭಾವಚಿತ್ರಕ್ಕೆ ಕೂತವರು ಓಡುವುದಿಲ್ಲವಾದ್ದರಿಂದ ಆ ಒದ್ದಾಟ ಬೇಗ ಮುಗಿಯುತ್ತದೆ.

35 ಮಿಲಿಮೀಟರ್ ರೀಲಿನಲ್ಲಿ 36 ಫ್ರೇಮುಗಳು, 120 ಎಂದು ಕರೆಯುವ ಅಗಲದ ರೀಲಿನಲ್ಲಿ ಚೌಕಾಕಾರದವು 12. ಈ ಮಿತಿ ಶಿಸ್ತನ್ನು ಕಲಿಸುತ್ತದೆ, ಒಂದೊಂದು ಫ್ರೇಮಿಗೂ ಮುನ್ನ ಯೋಚಿಸುವಂತೆ ಮಾಡುತ್ತದೆ ಎಂದು ಪದೇ ಪದೇ ಹೇಳುವುದನ್ನು ನೀವು ಕೇಳಿರುತ್ತೀರಿ. ನನಗೆ ಈ ಮಾತಿನಲ್ಲಿ ಹೆಚ್ಚು ನಂಬಿಕೆಯಿಲ್ಲ. ಅಮೆರಿಕದ ಬೀದಿಗಳ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಚಿತ್ರ ತೆಗೆದೂ ತೊಳೆಯದೆ ಬಿಟ್ಟಿದ್ದ ರೀಲುಗಳೇ ಸುಮಾರು 2,500 ಇದ್ದವು. ಫಿಲ್ಮ್ ಅವರ ಕೈಯನ್ನು ಕಟ್ಟಿಹಾಕಲಿಲ್ಲ. ಮಿತಿ ಮಾಡುವ ಕೆಲಸ ಶಿಸ್ತಿಗಿಂತ ಸರಳವಾದದ್ದು: ರೀಲು ಮುಗಿದಾಗ ಕೂತವರಿಗೂ ನಿಮಗೂ ಬಿಡುವು ಸಿಗುತ್ತದೆ. ನೂರಾರು ಚಿತ್ರಗಳ ಸುರಿಮಳೆಯಲ್ಲಿ ದಣಿದ ಮುಖ ಹೇಗಿರುತ್ತದೆಂದು ಮದುವೆಯ ಆಲ್ಬಮ್ಮುಗಳನ್ನು ನೋಡಿದ ಎಲ್ಲರಿಗೂ ಗೊತ್ತು.

ಫೋನಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಚರ್ಚೆ ಅಪೂರ್ಣವಾಗುತ್ತದೆ, ಏಕೆಂದರೆ ಇಂದು ಮನೆಮಂದಿಯ ಚಿತ್ರಗಳಲ್ಲಿ ಬಹುಪಾಲು ಅದರಿಂದಲೇ ಬರುತ್ತವೆ. ಇತ್ತೀಚಿನ ಬಹಳಷ್ಟು ಫೋನುಗಳು ನೀವು ಗುಂಡಿ ಒತ್ತುವ ಮುನ್ನವೇ ಫ್ರೇಮುಗಳನ್ನು ಕೂಡಿಹಾಕತೊಡಗಿರುತ್ತವೆ. ಒತ್ತಿದಾಗ ಅವುಗಳಲ್ಲಿ ಹಲವನ್ನು ಒಂದರ ಮೇಲೊಂದು ಹೊಂದಿಸಿ, ನೆರಳನ್ನು ತಿಳಿಗೊಳಿಸಿ, ಆಕಾಶದ ಬಿಳುಪನ್ನು ತಗ್ಗಿಸಿ, ಕೆಲವೊಮ್ಮೆ ಚರ್ಮವನ್ನೂ ನಯಗೊಳಿಸಿ ಒಂದೇ ಚಿತ್ರವಾಗಿ ನಿಮಗೆ ಕೊಡುತ್ತವೆ. ತಂತ್ರಜ್ಞಾನವಾಗಿ ಇದು ಅಚ್ಚರಿಯ ಸಾಧನೆ, ಕತ್ತಲಲ್ಲಿ ಅದರ ಉಪಕಾರವನ್ನು ನಾನೂ ಪಡೆದಿದ್ದೇನೆ. ಆದರೆ ಆ ಚಿತ್ರದಲ್ಲಿರುವುದು ಒಂದು ಅವಿಭಜಿತ ಕಾಲವಲ್ಲ, ಹಲವು ಕ್ಷಣಗಳಿಂದ ಆಯ್ದು ಕಟ್ಟಿದ್ದು. ಫಿಲ್ಮಿನ ಫ್ರೇಮಿನಲ್ಲಿ ಶಟರ್ ತೆರೆದು ಮುಚ್ಚಿದ ಮೂವತ್ತರಲ್ಲೊಂದು ಸೆಕೆಂಡು ಇರುತ್ತದೆ. ಆ ಹೊತ್ತಿನಲ್ಲಿ ಕೈ ಆಡಿದ್ದರೆ ಆ ಅಲುಗಾಟವೂ ಸೇರಿ ಇರುತ್ತದೆ. ಮನೆಯ ಚಿತ್ರಗಳನ್ನು ನಾವು ಮುಂದೊಂದು ದಿನ ಸಾಕ್ಷಿಯಂತೆ ನೋಡುವವರು. ಮಗುವಿನ ಕೆನ್ನೆಯ ಮಚ್ಚೆ ನಿಜವಾಗಿಯೂ ಅಷ್ಟು ತಿಳಿಯಾಗಿತ್ತೇ, ಇಲ್ಲವೇ ಯಂತ್ರ ಅದನ್ನು ಒರೆಸಿತೇ ಎಂದು ಕೇಳುವ ಸ್ಥಿತಿ ಬರಬಾರದು.

ಈಗ ಬೆಳಕಿನ ವಿಷಯಕ್ಕೆ ಬರೋಣ. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು, ಬೆಳಕು ಹೆಚ್ಚಿದಂತೆ ನೆಗೆಟಿವ್ (ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಮೂಡುವ ಫಿಲ್ಮ್) ಎಷ್ಟು ಕಪ್ಪಾಗುತ್ತದೆ ಎಂಬುದನ್ನು ಅಳೆದು ರೇಖೆ ಎಳೆದು ತೋರಿಸಿದರು. ಆ ರೇಖೆ ನೆಟ್ಟಗಿಲ್ಲ. ಕೆಳತುದಿಯಲ್ಲಿ ನಿಧಾನವಾಗಿ ಏರತೊಡಗಿ, ನಡುವೆ ನೇರವಾಗಿ ಸಾಗಿ, ಮೇಲೆ ಹೋದಂತೆ ಬಾಗುತ್ತದೆ. ಮೇಲಿನ ಈ ಬಾಗೇ ಭಾವಚಿತ್ರಕಾರನ ಗೆಳೆಯ. ಕಿಟಕಿಯ ಬೆಳಕು ಹಣೆಯ ಮೇಲೋ ಮೂಗಿನ ಮೇಲೋ ಜೋರಾಗಿ ಬಿದ್ದಾಗ ನೆಗೆಟಿವ್ ಫಿಲ್ಮ್ ಆ ಹೊಳಪನ್ನು ಒಮ್ಮೆಲೇ ಕಳೆದುಕೊಳ್ಳದೆ, ಹಂತಹಂತವಾಗಿ ಬಿಳುಪಿನ ಕಡೆಗೆ ಒಯ್ಯುತ್ತದೆ. ಡಿಜಿಟಲ್ ಸೆನ್ಸರ್ ಹಾಗಲ್ಲ. ಅದು ಬಿದ್ದ ಬೆಳಕನ್ನು ಸಮಪ್ರಮಾಣದಲ್ಲಿ ಎಣಿಸುತ್ತಾ ಹೋಗಿ, ತುಂಬಿದ ಕೂಡಲೇ ನಿಲ್ಲುತ್ತದೆ. ಅದರಾಚೆ ಏನಿತ್ತೆಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ನೆರಳಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಅಲ್ಲಿ ಡಿಜಿಟಲ್ ಧಾರಾಳಿ, ಫಿಲ್ಮ್ ಜಿಪುಣ. ಆದ್ದರಿಂದ ಡಿಜಿಟಲ್ ಹಿಡಿದವರು ಹೊಳಪನ್ನು ಕಾಯುತ್ತಾರೆ, ನೆಗೆಟಿವ್ ಹಿಡಿದವರು ನೆರಳನ್ನು ಕಾಯಬೇಕು. ನಿಮ್ಮಲ್ಲಿ ಯಾರಾದರೂ ಹೊಸದಾಗಿ ಶುರುಮಾಡುವವರಿದ್ದರೆ ಇಷ್ಟು ಸಾಕು: ಮುಖದ ನೆರಳಿರುವ ಕಡೆಯಿಂದ ಬೆಳಕನ್ನು ಅಳೆಯಿರಿ, ಸಂದೇಹ ಬಂದರೆ ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಇಮ್ಮಡಿ ಬೆಳಕು, ಕೊಡಿ. ಬಣ್ಣದ ನೆಗೆಟಿವ್ ಅದನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ನೆಗೆಟಿವ್ ಬದಲು ನೇರವಾಗಿ ನಿಜ ಬಣ್ಣದ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮಿಗೆ ಈ ಔದಾರ್ಯವಿಲ್ಲ, ಅದನ್ನು ಸದ್ಯಕ್ಕೆ ದೂರವಿಡಿ.

ಚರ್ಮದ ಬಣ್ಣದ ಬಗ್ಗೆ ಮಾತ್ರ ಫಿಲ್ಮಿನ ಪರವಾಗಿ ಹಾಡಿ ಹೊಗಳುವಂತಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಬಣ್ಣದ ಫಿಲ್ಮುಗಳನ್ನೂ ಪ್ರಿಂಟ್ ಹಾಕುವ ಯಂತ್ರಗಳನ್ನೂ ಹೊಂದಿಸಿದ್ದು ಬಿಳಿಯ ಚರ್ಮಕ್ಕೆ. ಲ್ಯಾಬುಗಳಿಗೆ ಬಣ್ಣದ ಮಾದರಿಯಾಗಿ ಹೋಗುತ್ತಿದ್ದ ಶರ್ಲಿ ಕಾರ್ಡುಗಳಲ್ಲಿ ಇದ್ದದ್ದು ಬಿಳಿಯ ಮಹಿಳೆಯ ಚಿತ್ರ. ಕಪ್ಪು ಚರ್ಮದವರೂ ಬಿಳಿಯರೂ ಒಂದೇ ಚಿತ್ರದಲ್ಲಿದ್ದರೆ ಒಬ್ಬರ ಮುಖದ ವಿವರಗಳು ಕತ್ತಲಲ್ಲಿ ಕರಗುತ್ತಿದ್ದವು. ಕಂದು ಬಣ್ಣದ ಛಾಯೆಗಳನ್ನು ಸುಧಾರಿಸುವಂತೆ ಒತ್ತಾಯಿಸಿದವರಲ್ಲಿ ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣ ಮಾಡುವವರೂ ಇದ್ದರೆಂದು ಕೊಡಾಕ್‌ನ ಮಾಜಿ ಉದ್ಯೋಗಿಗಳೇ ನೆನಪಿಸಿಕೊಂಡಿದ್ದಾರೆ. ಮನುಷ್ಯರ ದೂರಿಗಿಂತ ಮೇಜು ಕುರ್ಚಿಗಳ ದೂರು ಬೇಗ ಕಿವಿಗೆ ಬಿತ್ತು! ಇಂದು ಸಿಗುವ ಬಣ್ಣದ ನೆಗೆಟಿವ್‌ಗಳು ಆ ಸ್ಥಿತಿಯಿಂದ ಬಹಳ ದೂರ ಬಂದಿವೆ. ಆದರೂ ಕಪ್ಪು ಚರ್ಮದವರ ಭಾವಚಿತ್ರ ತೆಗೆಯುವಾಗ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬಾರದು. ಮುಖದ ಹಿಂದೆ ಬಿಳಿಯ ಗೋಡೆಯಿದ್ದರೆ ಮೀಟರ್ ಗೋಡೆಗೆ ಮೋಸಹೋಗುತ್ತದೆ, ಮುಖ ನೆರಳಿಗೆ ಜಾರುತ್ತದೆ, ನೆರಳಿನಲ್ಲಿ ಫಿಲ್ಮ್ ಜಿಪುಣ ಎಂದು ಈಗಷ್ಟೇ ಹೇಳಿದೆ.

ಕಾಣದಿರುವಿಕೆಯ ಇನ್ನೊಂದು ಮುಖ ತಡ. ಶಟರ್ ಬಿದ್ದಾಗ ಜೆಲಟಿನ್ ಪದರದಲ್ಲಿರುವ ಬೆಳ್ಳಿಯ ಲವಣದ ಹರಳುಗಳಲ್ಲಿ ಆಗುವ ಬದಲಾವಣೆ ಅತ್ಯಲ್ಪ: ಬೆಳಕು ತಾಕಿದ ಒಂದೊಂದು ಹರಳಿನಲ್ಲಿ ಬೆರಳೆಣಿಕೆಯ ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಒಂದೆಡೆ ಸೇರುತ್ತವೆ, ಅಷ್ಟೆ. ಡೆವಲಪರ್ ದ್ರಾವಣ ಆ ಕುರುಹಿರುವ ಹರಳನ್ನು ಇಡಿಯಾಗಿ ಬೆಳ್ಳಿಯಾಗಿಸುತ್ತದೆ. ಉಳಿದವನ್ನು ಹೈಪೋ ಎಂಬ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ತೊಳೆಯುವವರೆಗೆ ಆ ಅಗೋಚರ ಬಿಂಬ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಒಂದು ಘಟನೆಯಿದೆ. 1897ರಲ್ಲಿ ಸ್ವೀಡನ್ನಿನ ಎಸ್. ಎ. ಆಂದ್ರೆ ಎಂಬಾತ ಇಬ್ಬರು ಸಂಗಡಿಗರೊಡನೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ. ಬಲೂನು ಮೂರೇ ದಿನಗಳಲ್ಲಿ ಮಂಜುಗಡ್ಡೆಯ ಮೇಲೆ ಇಳಿಯಿತು, ಮೂವರೂ ಹಿಂದಿರುಗಲಿಲ್ಲ. 1930ರಲ್ಲಿ ಒಂದು ನಿರ್ಜನ ದ್ವೀಪದಲ್ಲಿ ಅವರ ಅವಶೇಷಗಳೊಡನೆ ಫಿಲ್ಮುಗಳೂ ಸಿಕ್ಕವು. ಮೂವತ್ತಮೂರು ವರ್ಷ ಹಿಮದಲ್ಲಿದ್ದ ಅವನ್ನು ಸ್ಟಾಕ್‌ಹೋಮ್‌ನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎಂಬ ತಜ್ಞ ತೊಳೆದಾಗ 240 ಫ್ರೇಮುಗಳ ಪೈಕಿ 93 ಚಿತ್ರಗಳು ಉಳಿದುಬಂದವು. ಕೆಳಗೆ ಬಿದ್ದ ಬಲೂನನ್ನು ನೋಡುತ್ತ ನಿಂತ ಇಬ್ಬರ ಚಿತ್ರ ಅವುಗಳಲ್ಲೊಂದು. ವಿಷಯದಿಂದ ಸ್ವಲ್ಪ ಆಚೆ ಹೋದೆ, ಆದರೆ ತೆಗೆದ ಚಿತ್ರಕ್ಕೂ ನೋಡುವ ಕಣ್ಣಿಗೂ ನಡುವೆ ಎಷ್ಟು ಕಾಲ ಹಾಯಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ನಮ್ಮ ಮಟ್ಟಿಗೆ ಆ ತಡ ಒಂದು ವಾರದ್ದೋ ಒಂದು ತಿಂಗಳಿನದೋ ಇರಬಹುದು. ಅದರ ಪ್ರಯೋಜನ ಆಯ್ಕೆಯಲ್ಲಿ ಕಾಣುತ್ತದೆ. ವಿನೋಗ್ರಾಂಡ್ ತಮ್ಮ ರೀಲುಗಳನ್ನು ಬೇಕೆಂದೇ ಬಹಳ ಕಾಲ ತೊಳೆಯದೆ ಇಡುತ್ತಿದ್ದರು. ಚಿತ್ರ ತೆಗೆದ ದಿನದ ಹುರುಪು ಮನಸ್ಸಿನಲ್ಲಿದ್ದರೆ ಹುರುಪನ್ನೇ ಚಿತ್ರದ ಗುಣವೆಂದು ಭ್ರಮಿಸುವ ಅಪಾಯವಿದೆ ಎಂಬುದು ಅವರ ನಿಲುವಾಗಿತ್ತು. ಆಪ್ತರ ಚಿತ್ರಗಳಲ್ಲಿ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಆ ಕ್ಷಣದಲ್ಲಿ ನಮಗೆ ಬೇಕಾಗಿದ್ದದ್ದು ಎಲ್ಲರೂ ಕ್ಯಾಮೆರಾ ನೋಡುತ್ತಿರುವ, ಎಲ್ಲರ ಕಣ್ಣೂ ತೆರೆದಿರುವ ಚಿತ್ರ. ಅದಕ್ಕೆ ಹೊಂದದವನ್ನೆಲ್ಲ ಪರದೆಯ ಮೇಲೆ ನೋಡಿ ಅಲ್ಲೇ ಅಳಿಸಿಬಿಡುತ್ತೇವೆ. ಫಿಲ್ಮಿನಲ್ಲಿ ಅಳಿಸುವಂತಿಲ್ಲ. ತೊಳೆದ ರೀಲನ್ನು ಕತ್ತರಿಸಿ ಒಂದೇ ಹಾಳೆಯ ಮೇಲೆ ಪ್ರಿಂಟ್ ಹಾಕಿದ ಕಾಂಟ್ಯಾಕ್ಟ್ ಶೀಟಿನಲ್ಲಿ 36 ಫ್ರೇಮುಗಳೂ ತೆಗೆದ ಸರದಿಯಲ್ಲೇ ಇರುತ್ತವೆ: ಎಲ್ಲರೂ ಸಾಲಾಗಿ ನಿಂತದ್ದೂ, ಅದಕ್ಕೆ ಮುನ್ನ ಅಜ್ಜಿ ಮೊಮ್ಮಗಳ ಕಾಲರ್ ಸರಿಪಡಿಸಿದ್ದೂ, ಆಮೇಲೆ ಯಾರೋ ನಕ್ಕು ಸಾಲು ಕೆಟ್ಟದ್ದೂ. ವರ್ಷಗಳ ನಂತರ ಆ ಹಾಳೆಯನ್ನು ತೆಗೆದು ನೋಡುವವರು ಬೆರಳಿಡುವುದು ಬಹುತೇಕ ಕಾಲರ್ ಸರಿಪಡಿಸಿದ ಫ್ರೇಮಿನ ಮೇಲೆ.

ದಿನನಿತ್ಯದ ದೃಶ್ಯಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಡುಗೆಮನೆಯ ಕಟ್ಟೆ, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳು, ಬಟ್ಟೆ ಮಡಿಸುತ್ತಿರುವ ಕೈಗಳು, ಟಿವಿಯ ಮುಂದೆ ನಿದ್ದೆ ಹೋದ ಒಬ್ಬರು. ತೆಗೆದ ದಿನ ಇವುಗಳಲ್ಲಿ ಸುದ್ದಿಯೇ ಇರುವುದಿಲ್ಲ. ಯಾವುದು ಬೆಲೆ ಪಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಮುಂದೆ ಏನು ಇಲ್ಲವಾಗುತ್ತದೆ ಎಂಬ ಸಂಗತಿ, ಅದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಡಿಜಿಟಲ್‌ನಲ್ಲೂ ಎಲ್ಲವನ್ನೂ ಉಳಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಉಳಿಸಿಕೊಳ್ಳಬಹುದು, ನಿಜ, ಆದರೆ ಸಾವಿರಗಟ್ಟಲೆ ಫೈಲುಗಳ ನಡುವೆ ಉಳಿದದ್ದನ್ನು ಮತ್ತೆ ಕೂತು ನೋಡುವವರು ಬಹಳ ಕಡಿಮೆ. 36 ಫ್ರೇಮುಗಳ ಹಾಳೆಯನ್ನು ಯಾರು ಬೇಕಾದರೂ ಕೊನೆಯವರೆಗೆ ನೋಡುತ್ತಾರೆ.

ತಡವನ್ನು ಹೊಗಳಿದೆನೆಂದು ರೀಲುಗಳನ್ನು ವರ್ಷಗಟ್ಟಲೆ ಡಬ್ಬಿಯಲ್ಲಿಡಬೇಡಿ. ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮಿನ ಉದಾಹರಣೆ ನೋಡಿ. 1935ರಿಂದ ನಡೆದುಬಂದಿದ್ದ ಅದರ ತಯಾರಿಕೆ 2009ರಲ್ಲಿ ನಿಂತಿತು, ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ 2010ರ ಕೊನೆಗೆ ಆ ಕೆಲಸ ಮುಗಿಸಿತು. ಆ ಹೊತ್ತಿಗೆ ತೊಳೆಸದೆ ಉಳಿದ ರೀಲುಗಳಿಂದ ಇನ್ನು ಕಪ್ಪುಬಿಳುಪು ಚಿತ್ರವನ್ನಷ್ಟೇ ಹೊರಡಿಸಬಹುದು. ಅದಕ್ಕೆ ಹೋಲಿಸಿದರೆ ಸಾಮಾನ್ಯ ಕಪ್ಪುಬಿಳುಪು ಫಿಲ್ಮಿನ ಬದುಕು ಭದ್ರ. 1891ರಲ್ಲಿ ಬಂದ ರೋಡಿನಾಲ್ ಎಂಬ ಡೆವಲಪರ್ ಇಂದಿಗೂ ಮಾರಾಟದಲ್ಲಿದೆ. ಒಂದು ಮುಚ್ಚಿದ ಟ್ಯಾಂಕು, 20 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲಿನ ನೀರು, ಒಂದು ಗಡಿಯಾರ ಇದ್ದರೆ ಮನೆಯಲ್ಲೇ ತೊಳೆಯಬಹುದು. ಬಣ್ಣದ ನೆಗೆಟಿವ್‌ಗೆ ಬೇಕಾದ ಸಿ-41 ವಿಧಾನ ಸುಮಾರು 38 ಡಿಗ್ರಿಯನ್ನು ಬಿಗಿಯಾಗಿ ಕಾಯ್ದುಕೊಳ್ಳಲು ಕೇಳುತ್ತದೆ, ಅದನ್ನು ಲ್ಯಾಬಿಗೆ ಬಿಡುವುದೇ ಮೇಲು. ಬಳಸಿದ ಹೈಪೋದಲ್ಲಿ ಬೆಳ್ಳಿ ಉಳಿದಿರುವುದರಿಂದ ಅದನ್ನು ಚರಂಡಿಗೆ ಸುರಿಯಬಾರದು ಎಂಬುದನ್ನೂ ಸೇರಿಸುತ್ತೇನೆ.

ವಿರೋಧದ ಮಾತುಗಳಲ್ಲಿ ನಾನು ಪೂರ್ತಿಯಾಗಿ ಒಪ್ಪುವುದು ಎರಡನ್ನು. ಖರ್ಚು ಹೆಚ್ಚು, ಅದಕ್ಕೆ ಉತ್ತರವಿಲ್ಲ. ಇನ್ನೊಂದು, ಮನೆಯೊಳಗಿನ ಸಂಜೆಯ ಬೆಳಕು. 400 ವೇಗದ (ಬೆಳಕಿಗೆ ಸಾಕಷ್ಟು ಚುರುಕಾದ) ಫಿಲ್ಮಿನಲ್ಲಿ ಮಸೂರವನ್ನು ಎಫ್/2ರಷ್ಟು ಅಗಲವಾಗಿ ತೆರೆದರೂ ಮೂವತ್ತರಲ್ಲೊಂದು ಸೆಕೆಂಡಿಗಿಂತ ವೇಗ ಸಿಗುವುದು ಅಪರೂಪ, ಅಷ್ಟರಲ್ಲಿ ಓಡಾಡುವ ಮಗು ಮಸುಕಾಗುತ್ತದೆ. ಅದೇ ಫಿಲ್ಮನ್ನು 1600 ವೇಗದ್ದೆಂದು ಎಣಿಸಿ ಚಿತ್ರ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇರಿಸಿ ತೊಳೆಸಬಹುದು, ಆದರೆ ನೆರಳಿನ ವಿವರ ಹೋಗುತ್ತದೆ. ಮಗುವಿನ ಆಟವೇ ಮುಖ್ಯವಾದ ದಿನ ಡಿಜಿಟಲ್ ಹಿಡಿಯಿರಿ, ಅದರಲ್ಲಿ ಯಾವ ಅವಮಾನವೂ ಇಲ್ಲ.

ಉಳಿದ ಒಂದು ಆಕ್ಷೇಪ ಹೆಚ್ಚು ಚುರುಕಾದದ್ದು: ಕೊನೆಗೆ ನೆಗೆಟಿವನ್ನು ಸ್ಕ್ಯಾನ್ ಮಾಡಿಯೇ ಎಲ್ಲರಿಗೂ ಕಳಿಸುವುದಾದರೆ, ಅದೂ ಡಿಜಿಟಲ್ ಆದಂತೆಯೇ ಅಲ್ಲವೇ? ಹಂಚುವ ಮಟ್ಟಿಗೆ ಹೌದು. ಆದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನಡೆದುಹೋಗುವುದು ಸ್ಕ್ಯಾನರಿಗೆ ಮುಂಚೆ, ಕುಳಿತವರ ಮತ್ತು ನಿಮ್ಮ ನಡುವೆ. ಸ್ಕ್ಯಾನ್ ಆದ ಮೇಲೂ ಮೂಲ ಉಳಿದಿರುತ್ತದೆ, ಅದನ್ನು ಓದಲು ಬೆಳಕಿನ ಹೊರತು ಯಂತ್ರ ಬೇಕಿಲ್ಲ. ಚೆನ್ನಾಗಿ ತೊಳೆದ ಕಪ್ಪುಬಿಳುಪು ನೆಗೆಟಿವ್‌ನ ಬಿಂಬ ಲೋಹದ ಬೆಳ್ಳಿ, ಅದು ತಲೆಮಾರುಗಳವರೆಗೆ ಬಾಳುತ್ತದೆ. ಬಣ್ಣದ್ದು ರಾಸಾಯನಿಕ ವರ್ಣಗಳಿಂದ ಆದದ್ದು, ಕಾಲಕ್ರಮೇಣ ಮಾಸುತ್ತದೆ. ಎರಡಕ್ಕೂ ತೇವ ಶತ್ರು: ಜೆಲಟಿನ್ ಮೇಲೆ ಬೂಷ್ಟು ಬೆಳೆಯುತ್ತದೆ, ಸೆಕೆ ಮತ್ತು ತೇವ ಎರಡೂ ಇದ್ದಲ್ಲಿ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದಾದ ಫಿಲ್ಮ್ ಪಟ್ಟಿ ವಿನೆಗರ್ ವಾಸನೆ ಹೊಡೆಯುತ್ತ ಸುಕ್ಕುಗಟ್ಟುತ್ತದೆ. ಆ ವಾಸನೆ ಬಂದ ಪಟ್ಟಿಯನ್ನು ಉಳಿದವುಗಳಿಂದ ಬೇರೆಯಾಗಿಡಿ. ನೆಗೆಟಿವ್‌ಗಳನ್ನು ಪಿವಿಸಿ ಪ್ಲಾಸ್ಟಿಕ್ ಅಲ್ಲದ ಲಕೋಟೆಗಳಲ್ಲಿ ಹಾಕಿ, ಒಣಗಿದ ತಂಪಾದ ಕಡೆ ಇಡಿ. ಕಾಂಟ್ಯಾಕ್ಟ್ ಶೀಟಿನ ಹಿಂದೆ ಪೆನ್ಸಿಲ್ಲಿನಿಂದ ತಾರೀಖನ್ನೂ ಚಿತ್ರದಲ್ಲಿರುವವರ ಹೆಸರನ್ನೂ ಬರೆಯಿರಿ, ಪೂರ್ತಿ ಹೆಸರನ್ನು. "ಚಿಕ್ಕಪ್ಪ" ಎಂದಷ್ಟೇ ಬರೆದರೆ ಮೂರನೆಯ ತಲೆಮಾರಿನವರಿಗೆ ಅದು ಯಾರ ಚಿಕ್ಕಪ್ಪ ಎಂದು ತಿಳಿಯುವುದಿಲ್ಲ.